ಹೆಂಚಿನ ಕಾರ್ಖಾನೆಯ ಹೆಸರಿಲ್ಲದ ಮುಖಗಳು

ಕೇಳುಗರಿಗೆ ನಮಸ್ಕಾರ.

ನಮ್ಮೂರಿನ ಹಳೆ ಹೆಂಚೊಂದನ್ನು ತಿರುಗಿಸಿ ನೋಡಿ. ಬೆನ್ನಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಆವೆಮಣ್ಣು ಹದ ಮಾಡಿದವರ, ಹಸಿ ಹೆಂಚು ಹೊತ್ತವರ ಹೆಸರು ಅಲ್ಲಿಲ್ಲ.

1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಂಡೆಯಲ್ಲಿ ಒಂದರ ಹಿಂದೆ ಒಂದು ಚಿಮಣಿ ಎದ್ದವು. ಮಣ್ಣು ಹೊಳೆಬದಿಯದೇ, ಸಾಗಿಸಲು ದೋಣಿಯೂ ಅಲ್ಲೇ. ಹೆಂಚು ಹಡಗು ಹತ್ತಿ ಸಿಲೋನಿಗೆ, ಆಫ್ರಿಕಾಕ್ಕೆ ಹೋಯಿತು. ಮುಂದೆ ಕಾಂಕ್ರೀಟ್ ತಾರಸಿ ಬಂತು, ಒಳ್ಳೆ ಮಣ್ಣು ಸಿಗುವುದು ಕಷ್ಟವಾಯಿತು, ಸೌದೆ ದುಬಾರಿಯಾಯಿತು. ಹೆಂಚು ಸುಡುವ ಗೂಡುಗಳು ಒಂದೊಂದಾಗಿ ಆರಿದವು.

ಇಂಥ ಪಾಳುಬಿದ್ದ ಜಾಗಗಳನ್ನು ಕಲಾವಿದರು ಹೇಗೆ ನೋಡಿದ್ದಾರೆ? ಜರ್ಮನಿಯ ಬೆರ್ನ್ಡ್ ಮತ್ತು ಹಿಲ್ಲಾ ಬೆಕರ್ ದಂಪತಿ ದಶಕಗಟ್ಟಲೆ ಕುಲುಮೆ, ನೀರಿನ ಟ್ಯಾಂಕಿಗಳ ಕಪ್ಪು-ಬಿಳುಪು ಫೋಟೋ ತೆಗೆದರು. ಬಹಳ ಚಂದದ ಚಿತ್ರಗಳು. ಆದರೆ ಅವುಗಳಲ್ಲಿ ಮನುಷ್ಯರಿಲ್ಲ. ನನಗೆ ಜಾಸ್ತಿ ಹತ್ತಿರವಾಗುವುದು ಫ್ರಾನ್ಸಿನ ಕ್ರಿಸ್ಟಿಯಾನ್ ಬೋಲ್ಟಾನ್ಸ್ಕಿ ಮಾಡಿದ ಕೆಲಸ. ಬೆಲ್ಜಿಯಂನ ಗ್ರ್ಯಾಂಡ್ ಹಾರ್ನು ಒಂದು ಕಾಲದ ಕಲ್ಲಿದ್ದಲು ಗಣಿ. ಅಲ್ಲಿ ದುಡಿದವರ ಹಳೆ ದಾಖಲೆ ಹಿಡಿದು 1997ರಲ್ಲಿ ಬೋಲ್ಟಾನ್ಸ್ಕಿ ತಗಡಿನ ಬಿಸ್ಕೆಟ್ ಡಬ್ಬಿಗಳನ್ನು ಗೋಡೆಯಂತೆ ಪೇರಿಸಿದರು. ಡಬ್ಬಿಗಳ ಮೇಲೆ ಕಾರ್ಮಿಕರ ಹೆಸರು, ಕೆಲವಕ್ಕೆ ಫೋಟೋ. ಅವರಲ್ಲಿ ಮಕ್ಕಳೂ ಇದ್ದರು. ಗಣಿಯ ಒಡೆಯನಿಗೆ ಅದು ಬರೀ ಹಾಜರಿ ಲೆಕ್ಕ. ಗೋಡೆಯ ಮುಂದೆ ನಿಂತವರಿಗೆ ಅದು ಒಬ್ಬೊಬ್ಬರ ಬದುಕು, ಅಲ್ವಾ?

ನಮ್ಮಲ್ಲೂ ಇದನ್ನು ಮಾಡಬಹುದು, ಮಾಡಲೇಬೇಕು. ಬಾಸೆಲ್ ಮಿಷನ್ನಿನ ಹಳೆ ಫೋಟೋಗಳು ಸ್ವಿಟ್ಜರ್ಲೆಂಡಿನ ಸಂಗ್ರಹದಲ್ಲಿ ಜೋಪಾನವಾಗಿವೆ, ಇಂಟರ್‌ನೆಟ್ಟಿನಲ್ಲೂ ನೋಡಸಿಗುತ್ತವೆ. ಅಂಥ ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಮುಚ್ಚಿದ ಕಾರ್ಖಾನೆಯ ಶೆಡ್ಡಿನಲ್ಲೇ ತೂಗುಹಾಕಬೇಕು. ಗ್ಯಾಲರಿಯಲ್ಲಿ ಸಾಲದು. ಹೆಂಚು ಹೊತ್ತ ಹೆಂಗಸರ ಮಕ್ಕಳು, ಮೊಮ್ಮಕ್ಕಳು ಅಲ್ಲಿಗೆ ಬರಬೇಕು. ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಮಾತಾಡಲಿ. ಅದನ್ನು ರೆಕಾರ್ಡ್ ಮಾಡಿಕೊಂಡು ಚಿತ್ರದ ಪಕ್ಕದಲ್ಲೇ ಕೇಳಿಸಬೇಕು. ಸುಮ್ನೆ ಪಾಳುಗೋಡೆಯ ಚಂದ ತೋರಿಸಿದರೆ ಆ ದುಡಿಮೆಗೆ ಅನ್ಯಾಯವೇ. ಗೂಡಿನ ಶಾಖ, ತಲೆ ಮೇಲಿನ ಭಾರ, ಸಂಬಳದ ಜಗಳ ಎಲ್ಲವೂ ಅಲ್ಲಿರಲಿ.

ಇದಕ್ಕೆ ತಡ ಮಾಡುವಂತಿಲ್ಲ. ಗೂಡಿನ ಕೆಲಸ ಗೊತ್ತಿದ್ದವರಿಗೆ ವಯಸ್ಸಾಗಿದೆ. ನಿಮ್ಮ ಮನೆಯಲ್ಲಿ ಕಾರ್ಖಾನೆ ಕಾಲದ ಗ್ರೂಪ್ ಫೋಟೋ ಇದ್ದರೆ ಈ ವಾರವೇ ಹಿರಿಯರ ಮುಂದೆ ಇಡಿ. ಎಡದಿಂದ ಬಲಕ್ಕೆ ಯಾರು ಯಾರು ಎಂದು ಕೇಳಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಮೆಲ್ಲಗೆ ಬರೆಯಿರಿ, ಪೆನ್ನು ಬೇಡ, ಶಾಯಿ ಹರಡುತ್ತದೆ. ಮೊಬೈಲಿನಲ್ಲಿ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ.

ನಮಸ್ಕಾರ.