ಯೆಜ್ಡಿ ಟ್ಯಾಂಕಿನ ಹೊಟ್ಟೆ: ತುಕ್ಕು, ಇ20, ಕಿತ್ತು ಬಂದ ಲೈನರ್

ಹಿಂದೆ ಕೇಳುವ ಸದ್ದು ಮಳೆಯದ್ದು. ಹೆಂಚಿನ ಮಾಡಿನ ಶೆಡ್ಡು, ಮೈಕ್ ಎಲ್ಲಿಟ್ಟರೂ ಅಷ್ಟೇ, ಸ್ವಲ್ಪ ಸಹಿಸ್ಕೊಳ್ಳಿ. ಇವತ್ತು ಇಂಜಿನ್ ಸುದ್ದಿಗೆ ಹೋಗುದೇ ಇಲ್ಲ, ಬರೀ ಪೆಟ್ರೋಲ್ ಟ್ಯಾಂಕ್. ಗಾಡಿ ಯೆಜ್ಡಿ 250 ಬೈಕ್, ಹಳೇ ಮಾಡೆಲ್, ರೋಡ್‌ಕಿಂಗ್ ಅಲ್ಲ.

ಬಿಚ್ಚುದು ಕಾಣ್ತಾ ಉಂಟಲ್ಲ, ಅದಕ್ಕೆ ವಿವರಣೆ ಬೇಡ. ಬೋಲ್ಟಿನ ಕೆಳಗಿನ ರಬ್ಬರ್ ವಾಷರ್ ಮಾತ್ರ ಬಿಸಾಡ್ಬೇಡಿ. ಕಲ್ಲಿನ ಹಾಗೆ ಗಟ್ಟಿಯಾಗಿದ್ರೂ ಇರ್ಲಿ, ಹೊಸತು ಕತ್ತರಿಸ್ಲಿಕ್ಕೆ ದಪ್ಪದ ಅಳತೆ ಅದರಲ್ಲೇ ಸಿಗುದು. ದಪ್ಪ ಕಮ್ಮಿಯಾದ್ರೆ ಟ್ಯಾಂಕಿನ ತಳ ಫ್ರೇಮಿಗೆ ಉಜ್ಜುತ್ತದೆ, ಉಜ್ಜಿದ ಕಡೆ ತೂತು.

ಈಗ ಟಾರ್ಚ್ ಒಳಗೆ. ನೋಡಿ, ಮೇಲ್ಗಡೆ ಕೆಂಪು. ತುಂಬ ಜನ ತಳ ಮಾತ್ರ ನೋಡ್ತಾರೆ. ಪೆಟ್ರೋಲ್ ಇದ್ದಲ್ಲಿ ತುಕ್ಕು ಕಮ್ಮಿ, ಮೇಲೆ ಗಾಳಿ ಇರುವ ಜಾಗದಲ್ಲಿ ಜಾಸ್ತಿ. ಹಗಲು ಬಿಸಿ, ರಾತ್ರಿ ತಂಪು, ಮುಚ್ಚಳದ ಸಣ್ಣ ತೂತಿಂದ ಗಾಳಿ ಒಳಗೆ ಹೊರಗೆ ಆಡುತ್ತದೆ. ನಮ್ಮ ಕರಾವಳಿ ಗಾಳಿ ಅಂದ್ರೆ ನೀರೇ. ಅದು ತಗಡಿನ ಒಳಮೈಗೆ ಹನಿಯಾಗಿ ಕೂತು, ಕೆಳಗಿಳಿದು, ಪೆಟ್ರೋಲಿಗಿಂತ ಭಾರ ಆದ್ದರಿಂದ ತಳ ಸೇರುತ್ತದೆ. ಹೀಗೆ ಫ್ರೇಮಿನ ಎರಡೂ ಬದಿ ಇಳಿದಿರುವ ಟ್ಯಾಂಕಿನಲ್ಲಿ ಕಾಕ್‌ಗಿಂತ, ಅಂದ್ರೆ ಪೆಟ್ರೋಲ್ ಬಿಡುವ ನಲ್ಲಿಗಿಂತ, ಕೆಳಗಿನ ಮೂಲೆಗಳುಂಟು. ಅಲ್ಲಿಯ ನೀರು ವರ್ಷಗಟ್ಟಲೆ ಹೊರಗೆ ಬರುದೇ ಇಲ್ಲ. ಬೆಸುಗೆಯ ಅಂಚು ಮೊದಲು ತೂತಾಗುದು ಅದಕ್ಕೇ.

ಇಲ್ಲಿ ನಿಲ್ಲಿಸಿ. ಈ ಬೂದಿ ಬಣ್ಣದ್ದು ಕಾಣ್ತದಾ? ಇದು ತುಕ್ಕಲ್ಲ, ಲೈನರ್. ಯಾರೋ ಹಿಂದೆ ಒಳಗೆ ಎಪಾಕ್ಸಿ ಸುರಿದು ಕೋಟಿಂಗ್ ಮಾಡಿದ್ದಾರೆ. ಚಿಮುಟದಲ್ಲಿ ಎಳೆದ್ರೆ ನೀರುದೋಸೆಯ ಹಾಗೆ ಎದ್ದು ಬರ್ತಾ ಉಂಟು. ಮೇಲ್ಗಡೆ ನುಣುಪು, ತಿರುಗಿಸಿದ್ರೆ ಹಿಂಬದಿ ಪೂರ್ತಿ ಕೆಂಪು ಪುಡಿ. ಆ ಪುಡಿಯಲ್ಲೇ ಎಲ್ಲ ಕಥೆ ಉಂಟು. ಒಳಗಿನ ತುಕ್ಕು ತೆಗೀದೇ ಮೇಲಿಂದ ಹೊಯ್ದಿದ್ದಾರೆ, ಎಪಾಕ್ಸಿ ತಗಡಿಗೆ ಅಂಟ್ಲೇ ಇಲ್ಲ, ತುಕ್ಕಿಗೆ ಅಂಟಿದೆ. ಆಮೇಲೆ ಪೆಟ್ರೋಲಿಗೆ ಎಥನಾಲ್ ಬೆರೆಸುದು ಬಂತು. ಹಳೇ ತರದ ಲೈನರ್‌ಗಳು ಬರೀ ಪೆಟ್ರೋಲಿಗೆ ತಡೀತಿದ್ದವು, ಎಥನಾಲಿಗೆ ಮೆತ್ತಗಾಗಿ ಉಬ್ಬುತ್ತವೆ.

ಈ ಚೂರುಗಳು ಮಾಡುವ ಉಪದ್ರ ಸಣ್ಣದಲ್ಲ ಮಾರಾಯ್ರೆ. ಗಾಡಿ ಸ್ಟಾರ್ಟ್ ಆಗ್ತದೆ, ಮೂರು ನಾಲ್ಕು ಕಿಲೋಮೀಟರ್ ಚಂದ ಓಡ್ತದೆ, ಆಮೇಲೆ ಎಳೆತ ಬಿಟ್ಟು ನಿಲ್ತದೆ. ಐದು ನಿಮಿಷ ಬಿಟ್ಟು ಒಂದು ಕಿಕ್, ಮತ್ತೆ ರೆಡಿ. ಎಲ್ಲರೂ ಹೇಳುದು ಸ್ಪಾರ್ಕಿನ ಕಾಯಿಲ್ ಬಿಸಿಯಾಗಿ ಹೋಗ್ತಾ ಉಂಟು, ಇಲ್ಲದಿದ್ರೆ ಕಂಡೆನ್ಸರ್. ಎರಡೂ ಬದಲಾಯಿಸ್ತಾರೆ, ಪಾಯಿಂಟ್ಸ್ ಬದಲಾಯಿಸ್ತಾರೆ, ಪ್ಲಗ್ ಬದಲಾಯಿಸ್ತಾರೆ. ಗಾಡಿ ಅದೇ ಜಾಗಕ್ಕೆ ಬಂದು ನಿಲ್ತದೆ. ನಿಜವಾಗಿ ಆಗುದು ಏನಂದ್ರೆ, ಚೂರೊಂದು ತೇಲಿ ಬಂದು ಕಾಕ್‌ನ ಪೈಪಿನ ಬಾಯಿಗೆ ಮುಚ್ಚಳ ಹಾಕಿದ ಹಾಗೆ ಕೂರ್ತದೆ. ಹರಿವು ನಿಂತ ಮೇಲೆ ಸೆಳೆತ ಇಲ್ಲ, ಚೂರು ಬಿಟ್ಟು ಹೋಗ್ತದೆ, ಕಾರ್ಬ್ಯುರೇಟರಿನ ಬೌಲ್ ನಿಧಾನಕ್ಕೆ ತುಂಬ್ತದೆ.

ಪರೀಕ್ಷೆ ಸುಲಭ. ಕಾರ್ಬ್ಯುರೇಟರ್ ಬದಿಯಿಂದ ಪೈಪ್ ಎಳೆದು ಬಾಟಲಿಗೆ ಬಿಡಿ, ಕಾಕ್ ತೆರೀರಿ. ಅರ್ಧ ಲೀಟರ್ ಆಗುವ ತನಕ ಧಾರೆ ಒಂದೇ ದಪ್ಪ ಇರ್ಬೇಕು. ಸಪೂರ ಆಗ್ತಾ ಬಂತು ಅಂದ್ರೆ ಮುಚ್ಚಳ ತೆಗೀರಿ. ತೆಗೆದ ಕೂಡ್ಲೇ ಧಾರೆ ದಪ್ಪ ಆದ್ರೆ ಮುಚ್ಚಳದ ಗಾಳಿ ತೂತು ಕಟ್ಟಿದೆ, ಒಂದು ಪಿನ್ ಸಾಕು. ಮುಚ್ಚಳ ತೆಗೆದ್ರೂ ಸಪೂರವೇ ಅಂದ್ರೆ ಒಳಗೆ ಕಸ. ಇಷ್ಟು ಮಾಡಿದ ಮೇಲೆ ಬೇಕಾದ್ರೆ ಕಾಯಿಲ್ ಮುಟ್ಟಿ.

ಈ ಲೈನರ್ ತೆಗೀಲಿಕ್ಕೆ ಅಸಿಟೋನ್. ಟ್ಯಾಂಕ್ ತುಂಬ ಬೇಡ, ಎರಡು ಲೀಟರ್ ಸಾಕು. ಕಾಕ್ ಜಾಗಕ್ಕೆ ಫೈಬರ್ ವಾಷರ್ ಹಾಕಿ ಬೋಲ್ಟ್, ಬಾಯಿ ಮುಚ್ಚಿ, ಗಂಟೆಗೊಮ್ಮೆ ಮಗ್ಗಲು ಬದಲಾಯಿಸಿ ಮಲಗಿಸುದು. ಹೊರಗಿನ ಬಣ್ಣ, ಆ ಚಿನ್ನದ ಗೆರೆ, ಉಳಿಸ್ಲಿಕ್ಕುಂಟಾದ್ರೆ ಟ್ಯಾಂಕನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ, ಬಾಯಿಯ ಸುತ್ತ ದಪ್ಪಕ್ಕೆ ಗ್ರೀಸ್ ಹಚ್ಚಿ. ಅಸಿಟೋನ್ ಒಂದು ಹನಿ ಬಿದ್ರೆ ಒರೆಸುವಷ್ಟರಲ್ಲಿ ಬಣ್ಣ ಬಟ್ಟೆಗೆ ಬಂದಾಗಿರ್ತದೆ. ಮತ್ತೆ, ಶೆಡ್ಡಿನಲ್ಲಿ ಸೊಳ್ಳೆಗೆ ಸುರುಳಿ ಬತ್ತಿ ಹಚ್ಚಿಡುವ ಅಭ್ಯಾಸ ಎಲ್ಲರಿಗೂ ಉಂಟು. ಇವತ್ತು ಬೇಡ. ಬಾಗಿಲು ತೆರೆದಿಡಿ, ಸೊಳ್ಳೆ ಕಚ್ಚಿದ್ರೆ ಕಚ್ಚಲಿ.

ಮೆತ್ತಗಾದ ಮೇಲೆ ಸರಪಳಿ ತುಂಡು, ಇಲ್ಲ ಎಂಟು ಎಂಎಂ ನಟ್ಟುಗಳನ್ನು ಹಾಕಿ ಕುಲುಕುದು. ನಟ್ ಎಣಿಸಿ ಹಾಕಿ, ಎಣಿಸಿ ತೆಗೀರಿ. ಜಲ್ಲಿ ಹಾಕ್ಬೇಡಿ, ಪುಡಿಯಾಗಿ ಮೂಲೆ ಸೇರ್ತದೆ. ಒಂದೇ ಸಲಕ್ಕೆ ಮುಗಿಯುದಿಲ್ಲ. ಬೆಸುಗೆಯ ಗೆರೆಯಲ್ಲಿ ಕೂತದ್ದು ಮೂರನೇ ಸಲಕ್ಕೂ ಬಾರದೆ ಹಟ ಮಾಡ್ತದೆ. ಬಗ್ಗಿಸಿದ ಬ್ರೇಕ್ ಕೇಬಲ್ ತುದಿ ಬಿಡಿಸಿ, ಡ್ರಿಲ್ಲಿಗೆ ಸಿಕ್ಕಿಸಿ ನಿಧಾನಕ್ಕೆ ತಿರುಗಿಸಿದ್ರೆ ಕೆರೆದು ಬರ್ತದೆ. ಅದನ್ನು ಅಸಿಟೋನ್ ಪೂರ್ತಿ ತೊಳೆದು, ಟ್ಯಾಂಕ್ ಒಣಗಿ ಆವಿ ಹೋದ ಮೇಲೆ ಮಾತ್ರ ಮಾಡಿ. ಡ್ರಿಲ್ಲಿನ ಕಿಡಿ ಮತ್ತು ಅಸಿಟೋನ್ ಆವಿ ಒಟ್ಟಿಗೆ ಇರ್ಬಾರ್ದು. ಒಟ್ಟು ಅಸಿಟೋನಿಗೆ ಆದ ಖರ್ಚಿನಲ್ಲಿ ಎರಡು ಹೊಸ ಟಯರ್ ಬರದಿದ್ರೂ ಒಂದು ಟ್ಯೂಬ್ ಬರ್ತಿತ್ತು. ಹಾಗಾಗಿ ನನ್ನ ಅಭಿಪ್ರಾಯ ನೇರ: ಲೈನರ್ ಹಾಕ್ಲೇಬೇಡಿ.

ಬೋಲ್ಟ್ ತೆಗೆದು ಬಕೆಟಿಗೆ ಸುರಿದಾಯ್ತು. ಈಗ ಸೋಪ್ ನೀರು. ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಿ ನೀರು, ಎರಡು ಮೂರು ಸಲ. ಪೆಟ್ರೋಲ್, ಅಸಿಟೋನ್ ವಾಸನೆ ಪೂರ್ತಿ ಹೋಗ್ಬೇಕು, ಯಾಕಂದ್ರೆ ಮುಂದಿನ ಕೆಲಸದಲ್ಲಿ ಕರೆಂಟ್ ಉಂಟು.

ಎಲೆಕ್ಟ್ರೋಲಿಸಿಸ್. ಹೆದರುವಂಥದ್ದು ಎಂತ ಇಲ್ಲ. ಟ್ಯಾಂಕ್ ತುಂಬ ನೀರು, ಲೀಟರಿಗೆ ಸುಮಾರು 10 ಗ್ರಾಂ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ. 13 ಲೀಟರ್ ಲೆಕ್ಕದಲ್ಲಿ 130 ಗ್ರಾಂ. ಬಾಯಿಯಿಂದ ಒಳಗೆ ಒಂದು ಕಬ್ಬಿಣದ ಸರಳು, ಮನೆ ಕಟ್ಟುವ ಸರಳೇ ಆಗ್ತದೆ, ಟ್ಯಾಂಕಿಗೆ ಎಲ್ಲೂ ತಾಗದ ಹಾಗೆ ತೂತು ಕೊರೆದ ಮರದ ತುಂಡಿನಲ್ಲಿ ಸಿಕ್ಕಿಸಿ. ಚಾರ್ಜರಿನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ. ಉಲ್ಟಾ ಕೊಟ್ರೆ ಸರಳು ಉಳಿದು ಟ್ಯಾಂಕ್ ಕರಗ್ತದೆ, ಎರಡು ಸಲ ನೋಡಿ ಕೊಡಿ. ಸ್ಟೀಲ್ ಚಮಚ, ಸ್ಟೇನ್‌ಲೆಸ್ ಸರಳು ಬೇಡ, ಅದರ ಕ್ರೋಮಿಯಂ ನೀರಿಗೆ ಬಂದು ವಿಷ ಆಗ್ತದೆ. ಸೋಡಾ ಬದಲು ಉಪ್ಪು ಹಾಕಿದ್ರೆ ಕ್ಲೋರಿನ್ ಗಾಳಿ ಏಳ್ತದೆ, ಅದೂ ಬೇಡ.

12 ವೋಲ್ಟ್, ಎರಡರಿಂದ ನಾಲ್ಕು ಆಂಪಿಯರ್ ಸಾಕು. ಜಾಸ್ತಿ ಎಳೀತಾ ಉಂಟಾದ್ರೆ ಸೋಡಾ ಹೆಚ್ಚಾಗಿದೆ, ಒಂದಿಷ್ಟು ಚೆಲ್ಲಿ ನೀರು ಸೇರಿಸಿ. ಹೊಸ ಸ್ಮಾರ್ಟ್ ಚಾರ್ಜರ್‌ಗಳು ಬ್ಯಾಟರಿ ಕಾಣದಿದ್ರೆ ಶುರುವೇ ಆಗುದಿಲ್ಲ. ಅದಕ್ಕೆ ಒಂದು ಹಳೇ 12 ವೋಲ್ಟ್ ಬ್ಯಾಟರಿಯನ್ನು ಚಾರ್ಜರಿಗೆ ಸಮಾನಾಂತರ ಕೊಟ್ಟು, ಅದರಿಂದ ಟ್ಯಾಂಕಿಗೆ ತೆಗೀರಿ, ನಡುವೆ ಒಂದು 10 ಆಂಪಿಯರ್ ಫ್ಯೂಸ್. ಬಾಯಿಯಲ್ಲಿ ನೊರೆ ಏಳುದು ಕಾಣ್ತದಲ್ಲ, ಅದು ಹೈಡ್ರೋಜನ್. ಕ್ಲಿಪ್ ತೆಗೆಯುವ ಮೊದಲು ಗೋಡೆಯ ಸ್ವಿಚ್ ಬಂದ್ ಮಾಡಿ, ಬಾಯಿಯ ಹತ್ತಿರ ಕಿಡಿ ಬೇಡ.

ಹಾಂ, ಈಗ ವಿಡಿಯೋ ಕತ್ತಲೆ. ಕರೆಂಟ್ ಹೋಯ್ತು. ಗುಡುಗು ಬಂದ್ರೆ ಹೋಗುದು, ಗುಡುಗು ಬಾರದಿದ್ರೂ ಹೋಗುದು. ಇದರಿಂದ ಕೆಲಸ ಹಾಳಾಗುದಿಲ್ಲ. ಸೋಡಾ ನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿಯುದಿಲ್ಲ, ಬಂದ ಮೇಲೆ ಮುಂದುವರಿಸಿದ್ರಾಯ್ತು. ಆಸಿಡ್ ಆಗಿದ್ರೆ ಹಾಗೆ ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿ ಅರ್ಧ ಗಂಟೆಯಲ್ಲಿ ಟ್ಯಾಂಕ್ ಬೆಳ್ಳಗೆ ಮಾಡಿ ಕೊಡುವವರುಂಟು. ಅದು ತುಕ್ಕಿನೊಟ್ಟಿಗೆ ತಗಡೂ ತಿನ್ನುತ್ತದೆ, ಬೆಸುಗೆಯ ಸಂದಿಯಲ್ಲಿ ಉಳಿದದ್ದು ತಿಂತಾನೇ ಇರ್ತದೆ. ಆ ಬಾಟಲಿಯ ಮುಚ್ಚಳ ಸಡಿಲ ಇದ್ರೆ ಶೆಡ್ಡಿನ ಸ್ಪ್ಯಾನರ್, ಡ್ರಿಲ್ ಬಿಟ್ ಎಲ್ಲ ಒಂದು ವಾರದಲ್ಲಿ ಕೆಂಪು. ನಿಮ್ಮ ಟೂಲ್ಸ್ ಸುಮ್ನೆ ತುಕ್ಕು ಹಿಡೀತಾ ಉಂಟಾದ್ರೆ ಮಳೆಗೆ ಬೈಯುವ ಮೊದಲು ಶೆಲ್ಫಿನಲ್ಲಿ ಆಸಿಡ್ ಬಾಟಲಿ ಉಂಟಾ ನೋಡಿ.

ಇದು ಮರುದಿನದ ಶಾಟ್. ಸರಳಿನ ಮೇಲೆ ಕೆಂಪು ಕೆಸರು, ಟ್ಯಾಂಕಿನೊಳಗೆ ಕಪ್ಪು. ಕಪ್ಪಾಗಿದ್ರೆ ಸರಿ ಆಗಿದೆ ಅಂತ ಅರ್ಥ, ಕೈಗೆ ಮಸಿಯ ಹಾಗೆ ಬರ್ತದೆ. ಇದರಲ್ಲೊಂದು ಮಿತಿ ಉಂಟು: ಸರಳಿಗೆ ನೇರ ಎದುರಿರುವ ಜಾಗ ಮಾತ್ರ ಚೊಕ್ಕ ಆಗ್ತದೆ. ಹಿಂದಿನ ಮೂಲೆ, ಫ್ರೇಮಿನ ಸುರಂಗದ ಆಚೆ ಬದಿ ಹಾಗೇ ಉಳೀತದೆ. ಸರಳನ್ನು ಸ್ವಲ್ಪ ಬಗ್ಗಿಸಿ, ಆ ಬದಿಗೆ ತಿರುಗಿಸಿ ಇನ್ನೊಂದು ರಾತ್ರಿ ಬಿಡಿ.

ಇನ್ನು ತೊಳೆಯುದು. ನಮ್ಮ ಊರಲ್ಲಿ ಹೆಚ್ಚು ಜನ ಸೋಲುದು ಇಲ್ಲಿ. ಚೊಕ್ಕ ಆದ ಬರೀ ಕಬ್ಬಿಣ, ಒದ್ದೆ, ಮಳೆಗಾಲದ ಆಟಿ ತಿಂಗಳ ಹವೆ. ನೀರು ಚೆಲ್ಲಿ ಬಟ್ಟೆ ತರ್ಲಿಕ್ಕೆ ಹೋಗಿ ಬರುವಷ್ಟರಲ್ಲಿ ಕಿತ್ತಳೆ ಬಣ್ಣ. ಮಲ್ಪೆ, ಸುರತ್ಕಲ್, ಪಡುಬಿದ್ರಿ, ಹೀಗೆ ಕಡಲ ಹತ್ತಿರದ ಬಾವಿ ನೀರಿನಲ್ಲಿ ಉಪ್ಪಿನಂಶ ಇದ್ರೆ ಇನ್ನೂ ಬೇಗ. ಕೊನೆಯ ತೊಳೆತಕ್ಕೆ ಮಳೆ ನೀರೇ ಒಳ್ಳೇದು, ಮಾಡು ಚೆನ್ನಾಗಿ ತೊಳೆದು ಹೋದ ಮೇಲೆ ಹಿಡಿದದ್ದು. ಅದನ್ನು ಕುದಿಸಿ ಬಿಸಿಬಿಸಿ ಹಾಕಿ. ತಗಡು ಬಿಸಿಯಾದ್ರೆ ಉಳಿದ ಹನಿ ತಾನೇ ಆರ್ತದೆ. ಕೂಡ್ಲೇ ಫಾಸ್ಫರಿಕ್ ಆಸಿಡ್, ನೂರಕ್ಕೆ ಹತ್ತರಷ್ಟು ನೀರಲ್ಲಿ ಬೆರೆಸಿ, ಇಪ್ಪತ್ತು ನಿಮಿಷ ಎಲ್ಲ ಬದಿಗೆ ಆಡಿಸಿ ಚೆಲ್ಲುದು. ಆಸಿಡನ್ನು ನೀರಿಗೆ ಹಾಕಿ, ನೀರನ್ನು ಆಸಿಡಿಗಲ್ಲ. ಇದು ಹಿಂದೆ ಬೈದ ಆಸಿಡ್ ಅಲ್ಲ, ಕಬ್ಬಿಣದ ಮೇಲೆ ತೆಳು ಫಾಸ್ಫೇಟ್ ಪದರ ಬಿಟ್ಟು ಹೋಗ್ತದೆ. ಬ್ಲೋವರ್ ಹಾಕಿ ಒಣಗಿಸಿ, ಕೈಗೆ ಬಿಸಿ ತಾಗುವ ತನಕ. ಆಮೇಲೆ ಅರ್ಧ ಲೀಟರ್ ಪೆಟ್ರೋಲಿಗೆ ನೂರು ಎಂಎಲ್ ಟೂಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವಂಥದ್ದು) ಸೇರಿಸಿ ಆಡಿಸಿ ಬಿಟ್ರೆ ಮುಗೀತು.

ತೂತು ಉಂಟಾ ನೋಡುವ. ಸೈಕಲ್ ಪಂಪಿನಲ್ಲಿ ಎರಡೇ ಪಿಎಸ್‌ಐ, ಹೊರಗೆ ಸೋಪ್ ನೀರು. ಹೆಚ್ಚು ಗಾಳಿ ಕೊಟ್ರೆ ಟ್ಯಾಂಕೇ ಉಬ್ಬುತ್ತದೆ. ಅಲ್ಲಿ, ಬೆಸುಗೆಯ ಹತ್ತಿರ, ಸಣ್ಣ ಗುಳ್ಳೆ ಎರಡು. ಇದಕ್ಕೆ ವೆಲ್ಡಿಂಗ್ ಬೇಡ, ತಗಡು ತೆಳು. ಪೆಟ್ರೋಲ್ ಇದ್ದ ಟ್ಯಾಂಕ್ ಎಷ್ಟು ತೊಳೆದ್ರೂ ಬೆಂಕಿಗೆ ಒಡ್ಡುದು ಅಪಾಯ. ರೇಡಿಯೇಟರ್ ರಿಪೇರಿಯವರಲ್ಲಿ ಕೊಟ್ರೆ ಸೀಸದ ಬೆಸುಗೆ ಹಾಕ್ತಾರೆ, ಅವರಿಗೆ ಇದು ದಿನದ ಕೆಲಸ. ತೂತು ಹತ್ತಾರು ಇದ್ರೆ ಮಾತ್ರ, ಹೌದು, ಲೈನರ್. ಎಥನಾಲಿಗೆ ತಡೆಯುತ್ತದೆ ಅಂತ ಡಬ್ಬಿಯಲ್ಲಿ ಬರೆದದ್ದು, ತುಕ್ಕು ಪೂರ್ತಿ ತೆಗೆದ ಮೇಲೆ. ಹಾಕ್ಲೇಬೇಡಿ ಅಂತ ಈಗಷ್ಟೇ ಹೇಳಿದ್ದೆ, ಇದೊಂದು ಬಿಟ್ಟು ಅಂತ ಸೇರಿಸ್ಕೊಳ್ಳಿ.

ಇ20 ಬಗ್ಗೆ, ಅಂದ್ರೆ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಿಂದ ಶುರುವಾದದ್ದು, ಈಗ ಬಂಕಿನಲ್ಲಿ ಅದೇ. ಯೆಜ್ಡಿ ಅಂತ ಹೆಸರು ಬಂದದ್ದು ಎಪ್ಪತ್ತರ ದಶಕದಲ್ಲಿ, ಅದನ್ನು ಮಾಡ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಂಪೆನಿ ಮುಚ್ಚಿದ್ದು 1996ರಲ್ಲಿ. ಈ ಪೆಟ್ರೋಲ್ ಆ ಗಾಡಿಯ ಲೆಕ್ಕದಲ್ಲೇ ಇರ್ಲಿಲ್ಲ. ಮೈಸೂರು ಅಂದಾಗ ನೆನಪಾಯ್ತು, ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಬೇರೆ ಊರಿನವರು ಸಾಲಾಗಿ ಗಾಡಿ ಹೊರಡಿಸಿ ಫೋಟೋ ಹಾಕ್ತಾರೆ. ನಮ್ಮಲ್ಲಿ ಆ ಹೊತ್ತಿಗೆ ರಸ್ತೆಯೇ ಕಾಣುದಿಲ್ಲ. ಡಿಸೆಂಬರಿಗೆ ಇಟ್ಟಿದ್ರೆ ಎಂತ ಆಗ್ತಿತ್ತು? ಇರ್ಲಿ, ಶಾಟ್ ಮುಗೀತಾ ಬಂತು.

ಎಥನಾಲ್ ನೀರು ಹೀರ್ತದೆ. ಹೀರಿ ಹೀರಿ ಹೆಚ್ಚಾದ್ರೆ ನೀರು ಮತ್ತು ಎಥನಾಲ್ ಎರಡೂ ಪೆಟ್ರೋಲಿಂದ ಬೇರೆಯಾಗಿ ತಳಕ್ಕೆ ಇಳೀತದೆ. ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಟ್ಯಾಂಕ್ ಕಂಠದವರೆಗೆ ತುಂಬಿಸಿ ಅಂತ ಹಿಂದಿನಿಂದ ಹೇಳುದು. ಎಥನಾಲ್ ಇಲ್ಲದ ಕಾಲಕ್ಕೆ ಅದು ಸರಿ. ಈಗ ಎರಡು ತಿಂಗಳಿಗಿಂತ ಹೆಚ್ಚು ನಿಲ್ಲಿಸುದಾದ್ರೆ ಪೂರ್ತಿ ಖಾಲಿ ಮಾಡಿ, ಬೌಲ್ ಖಾಲಿ ಮಾಡಿ, ಒಳಗೆ ಟೂಟಿ ಆಯಿಲ್ ಆಡಿಸಿ ಇಡಿ. ವಾರಕ್ಕೊಮ್ಮೆ ಓಡಿಸ್ತೀರಾದ್ರೆ ತುಂಬಿಸಿಯೇ ಇಡಿ.

ಎಥನಾಲಿನಲ್ಲಿ ಆಮ್ಲಜನಕ ಉಂಟು, ಹಾಗಾಗಿ ಕಾರ್ಬ್ಯುರೇಟರಿನ ಅದೇ ಜೆಟ್ಟಿಗೆ, ಅಂದ್ರೆ ಪೆಟ್ರೋಲ್ ಹೋಗುವ ತೂತಿಗೆ, ಮಿಶ್ರಣ ಲೀನ್ ಆಗ್ತದೆ, ಗಾಳಿಗೆ ಪೆಟ್ರೋಲ್ ಸಾಲುದಿಲ್ಲ, ಇಂಜಿನ್ ಬಿಸಿಯಾಗ್ತದೆ. ಪ್ಲಗ್ ತೆಗೆದು ನೋಡಿ. ಕಾಫಿ ಪುಡಿ ಬಣ್ಣ ಬಿಟ್ಟು ಬಿಳಿ ಕಂಡ್ರೆ ಮೈನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿ. ಇರುವ ಜೆಟ್ಟನ್ನು ಪಿನ್ ಹಾಕಿ ದೊಡ್ಡ ಮಾಡ್ಬೇಡಿ. ಆಯಿಲ್ ಜಾಸ್ತಿ ಸುರಿದ್ರೆ ತಂಪು ಅನ್ನುದೂ ತಪ್ಪು, ಆಯಿಲ್ ಹೆಚ್ಚಾದಷ್ಟೂ ಅದೇ ಜೆಟ್ಟಲ್ಲಿ ಪೆಟ್ರೋಲ್ ಕಮ್ಮಿ ಹೋಗ್ತದೆ. ಲೀಟರಿಗೆ 40 ಎಂಎಲ್, ಐದು ಲೀಟರಿಗೆ 200. ಆಯಿಲ್ ಪಂಪ್ ಇರುವ ಯೆಜ್ಡಿ ಆಯಿಲ್‌ಕಿಂಗ್ ಮಾಡೆಲ್ ಆದ್ರೆ ಈ ಲೆಕ್ಕ ಬೇರೆ.

ಕೊನೆಗೆ ಕಾಕ್ ಮತ್ತು ಪೈಪ್. ಹಳೇ ಕಾಕ್ ಹಿತ್ತಾಳೆಯದ್ದಾದ್ರೆ ಒಳಗಿನ ಕಾರ್ಕ್ ಮಾತ್ರ ಬದಲಾಯಿಸಿ ಉಳಿಸ್ಕೊಳ್ಳಿ. ಈಗ ಸಿಗುವ ನಕಲಿಗಳಲ್ಲಿ ಜಾಲರಿ ಸಡಿಲ, ಕೈಯಲ್ಲಿ ತಿರುಗಿಸಿದ್ರೆ ಕಳಚಿ ಬರ್ತದೆ. ಪೈಪ್ ಎಥನಾಲಿಗೆ ತಡೆಯುವಂಥದ್ದೇ ಕೇಳಿ ತನ್ನಿ, ಒಳಗೆ ಆರು ಎಂಎಂ. ಪೇಪರ್ ಫಿಲ್ಟರ್ ಬೇಡ, ಟ್ಯಾಂಕಿಂದ ಸುಮ್ನೆ ಇಳಿದು ಬರುವ ಪೆಟ್ರೋಲಿಗೆ ಅದರಲ್ಲಿ ದಾಟ್ಲಿಕ್ಕೆ ಒತ್ತಡ ಸಾಲುದಿಲ್ಲ, ನೈಲಾನ್ ಜಾಲರಿಯದ್ದು ಹಾಕಿ.

ಕೂರಿಸುವ ಮೊದಲು ಎರಡು ಲೀಟರ್ ಹಾಕಿ, ಕೆಳಗೆ ಪೇಪರ್ ಹಾಸಿ, ರಾತ್ರಿ ಪೂರ್ತಿ ಇಡುದು. ಕಲೆ ಕಂಡ್ರೆ ಮೊದಲು ಕಾಕ್‌ನ ಫೈಬರ್ ವಾಷರ್ ನೋಡಿ, ಅದನ್ನು ಎರಡನೇ ಸಲ ಬಳಸ್ಲಿಕ್ಕೆ ಆಗುದಿಲ್ಲ. ಮುಂದಿನ ವಿಡಿಯೋ ಕ್ಲಚ್ ಪ್ಲೇಟ್, ಅದರಲ್ಲಿ ಕಾರ್ಕ್ ಬೇಕಾ ಫೈಬರ್ ಬೇಕಾ ಅಂತ ಈಗಲೇ ಜಗಳ ಶುರು ಮಾಡ್ಬೇಡಿ.