ಕೂರಿಗೆ, ಮೊರ ಮತ್ತು ಸತ್ಯವೇದ

ಕೇಳುಗರಿಗೆ ನಮಸ್ಕಾರ.

ಸತ್ಯವೇದವನ್ನು, ಅಂದರೆ ಬೈಬಲನ್ನು, ತಾವೇ ಓದಬೇಕೆಂದು ಕೂತವರಲ್ಲಿ ಬಹಳ ಮಂದಿ ಅದರ ಎರಡನೇ ಪುಸ್ತಕವಾದ ವಿಮೋಚನಕಾಂಡದ 25ನೇ ಅಧ್ಯಾಯದ ಆಸುಪಾಸಿನಲ್ಲಿ ನಿಂತುಬಿಡುತ್ತಾರೆ. ಮೊದಲ ಪುಸ್ತಕ ಆದಿಕಾಂಡ ಕಥೆಯಾಗಿ ಓಡುತ್ತದೆ, ಇಸ್ರಾಯೇಲರಿಗೆ ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಆದ ಬಿಡುಗಡೆಯೂ ಓದಿಸಿಕೊಂಡು ಹೋಗುತ್ತದೆ. ಆಮೇಲೆ ದೇವರ ಆರಾಧನೆಯ ಗುಡಾರದ ಅಳತೆ, ಪರದೆ, ಕೊಂಡಿ, ಮೊಳದ ಲೆಕ್ಕ. ಅದನ್ನೂ ದಾಟಿದರೆ ಯಾಜಕಕಾಂಡದ ಬಲಿಯ ನಿಯಮಗಳು. ಪುಸ್ತಕ ಕಪಾಟು ಸೇರುತ್ತದೆ, "ನಮಗೆಲ್ಲಿ ತಿಳಿಯಬೇಕು, ಪಾದ್ರಿಯವರು ಹೇಳಿದ್ದು ಕೇಳಿದರೆ ಸಾಕು" ಅನ್ನುವ ಮಾತು ಬರುತ್ತದೆ. ಇದು 66 ಪುಸ್ತಕಗಳ ಕಟ್ಟು, ಕಥೋಲಿಕರ ಬೈಬಲಿನಲ್ಲಿ 73. ಮೊದಲ ಪುಟದಿಂದಲೇ ಹಿಡಿಯಬೇಕೆಂಬ ಕಟ್ಟಳೆ ಏನೂ ಇಲ್ಲ.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಒಂದು ಭಾನುವಾರ ಮಧ್ಯಾಹ್ನ ಎರಡು ತಾಸು ಬಿಡುವು ಮಾಡಿಕೊಂಡರೆ ಒಂದೇ ಸಲಕ್ಕೆ ಮುಗಿಯುತ್ತದೆ. ಈ ಮೊದಲ ಓದಿನಲ್ಲಿ ಎಲ್ಲೂ ನಿಲ್ಲಬೇಡಿ. ತಿಳಿಯದ ಕಡೆ ಪೆನ್ಸಿಲಿನಲ್ಲಿ ಪ್ರಶ್ನೆಚಿಹ್ನೆ ಹಾಕಿ ಮುಂದೆ ಸಾಗಿ. ಪೆನ್ನು ಬೇಡ, ಹಾಳೆ ತೆಳು, ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ. ಮಾರನೆಯ ದಿನದಿಂದ ದಿನಕ್ಕೊಂದು ಅಧ್ಯಾಯ, ಗಟ್ಟಿಯಾಗಿ, ನಿಮ್ಮ ಕಿವಿಗೇ ಬೀಳುವಂತೆ. ನಡುನಡುವೆ ದಪ್ಪಕ್ಷರದಲ್ಲಿರುವ ತಲೆಬರಹಗಳನ್ನು ಬಿಟ್ಟು ಓದಿ, ಅವು ಆಮೇಲೆ ಸೇರಿಸಿದವು. ವಚನಗಳ ಅಂಕಿಯೂ ಮೂಲದಲ್ಲಿಲ್ಲ. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಗೆ ಈಗಿನ ಅಂಕಿ ಬಿದ್ದದ್ದು 1551ರಲ್ಲಿ. ಅಂಕಿ ಬಂದಲ್ಲಿ ಮಾತು ಮುಗಿಯಿತು ಅಂದುಕೊಂಡರೆ ಅರ್ಥ ಕೆಡುತ್ತದೆ.

4ನೇ ಅಧ್ಯಾಯಕ್ಕೆ ಬಂದಾಗ ನಿಧಾನಿಸಿ. ಬಿತ್ತುವವನ ಸಾಮ್ಯ ಅದು, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ. ಕೆಲವು ಬೀಜ ದಾರಿಯ ಮಗ್ಗುಲಿಗೆ ಬಿತ್ತು, ಕೆಲವು ಬಂಡೆಯ ನೆಲಕ್ಕೆ, ಕೆಲವು ಮುಳ್ಳಿಗೆ, ಕೆಲವು ಒಳ್ಳೆಯ ನೆಲಕ್ಕೆ. ಚಳ್ಳಕೆರೆ, ಜಗಳೂರಿನ ಕಡೆ ಕೂರಿಗೆ ಹಿಡಿದು ಸಾಲು ಬಿತ್ತಿದವರಿಗೆ ತಟ್ಟನೆ ಅನ್ನಿಸುತ್ತದೆ: ಬೀಜವನ್ನು ದಾರಿಗೆ ಚೆಲ್ಲುವುದು ಇದೆಂಥ ಬೇಸಾಯ? ಈ ಪ್ರಶ್ನೆ ಬರಲೇಬೇಕು, ಒಳ್ಳೆಯ ಓದು ಅಲ್ಲಿಂದಲೇ ಶುರು. ಯೇಸುವಿನ ಕಾಲದ ಆ ಸೀಮೆಯಲ್ಲಿ ಕೈಯಿಂದ ಎರಚಿ ಬಿತ್ತುತ್ತಿದ್ದರು, ಒಂದಷ್ಟು ಅಂಚಿಗೆ ಬೀಳುವುದು ಸಹಜ. ಬಂಡೆಯ ನೆಲಕ್ಕಂತೂ ನಮ್ಮಲ್ಲಿ ವಿವರಣೆ ಬೇಕಿಲ್ಲ. ಮಣ್ಣು ಆಳವಿಲ್ಲದ್ದರಿಂದ ಬೇಗ ಮೊಳೆಯಿತು, ಬಿಸಿಲೇರಿದಾಗ ಬೇರಿಲ್ಲದೆ ಒಣಗಿತು ಅನ್ನುತ್ತದೆ ಮಾತು. ದುರ್ಗದ ಸುತ್ತ ಗೇಣು ಮಣ್ಣಿನ ಕೆಳಗೆ ಬಂಡೆ ಹಾಸಿಕೊಂಡ ಹೊಲ ನೋಡಿದವರಿಗೆ ಅದು ಕಣ್ಣ ಮುಂದಿನ ಸಂಗತಿ. ಇಷ್ಟು ಓದಿ ಪುಸ್ತಕ ಮುಚ್ಚಿ, ನಿಮಗೆ ತಿಳಿದ ಅರ್ಥವನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ 14ರಿಂದ 20ರವರೆಗಿನ ಏಳು ವಚನ ತೆಗೆಯಿರಿ. ಅಲ್ಲಿ ಯೇಸುಸ್ವಾಮಿಯೇ ಅರ್ಥ ಬಿಡಿಸಿ ಹೇಳುತ್ತಾರೆ. ಹೋಲಿಸಿ ನೋಡಿ.

ಇನ್ನೊಂದು ಅನುಕೂಲ ಕನ್ನಡದವರಿಗಿದೆ, ಅದನ್ನು ಬಿಟ್ಟುಕೊಡಬಾರದು. ಇಂಗ್ಲಿಷಿನಲ್ಲಿ ಒಬ್ಬನಿಗೂ ಹತ್ತು ಜನಕ್ಕೂ ಒಂದೇ ಪದ. ಮೂಲದ ಗ್ರೀಕಿನಲ್ಲಿ ನಮ್ಮ ಹಾಗೆಯೇ 'ನೀನು' ಬೇರೆ, 'ನೀವು' ಬೇರೆ. ಲೂಕನ ಸುವಾರ್ತೆಯ 22ನೇ ಅಧ್ಯಾಯ, 31 ಮತ್ತು 32ನೇ ವಚನ ನೋಡಿ. ಯೇಸು ತನ್ನ ಶಿಷ್ಯ ಪೇತ್ರನೊಬ್ಬನನ್ನೇ ಹೆಸರಿಟ್ಟು ಕರೆದು, ಸೈತಾನನು 'ನಿಮ್ಮನ್ನು' ಗೋಧಿಯಂತೆ ಒನೆಯಲು ಕೇಳಿಕೊಂಡಿದ್ದಾನೆ ಅನ್ನುತ್ತಾರೆ. ಅಂದರೆ ಶಿಷ್ಯರೆಲ್ಲರನ್ನೂ. ಆದರೆ 'ನಿನ್ನ' ನಂಬಿಕೆ ಕುಂದಬಾರದೆಂದು ಬೇಡಿಕೊಂಡೆನು ಎನ್ನುವುದು ಪೇತ್ರನೊಬ್ಬನಿಗೆ. ಮೊರದಲ್ಲಿ ಹಾಕಿ ಒನೆಯುವಾಗ ಕಾಳೆಲ್ಲ ಒಟ್ಟಿಗೇ ಹಾರುತ್ತದಲ್ಲ, ಹಾಗೆ ಎಲ್ಲರಿಗೂ ಕಷ್ಟ. ಅದರೊಳಗೆ ಒಬ್ಬನಿಗಾಗಿ ಪ್ರಾರ್ಥನೆ, ಅವನು ತಿರುಗಿಕೊಂಡ ಮೇಲೆ ಉಳಿದವರನ್ನು ದೃಢಪಡಿಸಲಿ ಎಂದು. ಒಂದೊಂದು ಸರ್ವನಾಮದ ಕೆಳಗೂ ಗೆರೆ ಎಳೆದು ನೋಡಿದರೆ ಇದು ಎದ್ದು ಕಾಣುತ್ತದೆ.

ಹಳೆಯ ಭಾಷಾಂತರದ ಕನ್ನಡ ಕೆಲವರಿಗೆ ತೊಡಕು. ಪಕ್ಕದ ಬಳ್ಳಾರಿಯಲ್ಲಿ 19ನೇ ಶತಮಾನದ ಮೊದಲ ಭಾಗದಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಶುರುಮಾಡಿದ ಭಾಷಾಂತರದ ಕೆಲಸ ಆಮೇಲೆ ಹಲವು ಸಲ ತಿದ್ದುಪಡಿಯಾಗಿದೆ. ಪಕ್ಕದಲ್ಲಿ ಒಂದು ಸರಳ ಭಾಷಾಂತರ ಇಟ್ಟುಕೊಳ್ಳಿ. ಎರಡೂ ಬೇರೆ ಬೇರೆ ಹೇಳಿದ ಕಡೆ ಗುರುತು ಹಾಕಿ, ಪಾದ್ರಿಯವರನ್ನು ಕೇಳಬೇಕಾದ ಪ್ರಶ್ನೆ ಅಲ್ಲೇ ಇರುತ್ತದೆ.

ಕೊನೆಯದಾಗಿ ಕ್ಯಾಲೆಂಡರಿನ ವಚನ. ಯೆರೆಮೀಯ 29ರ 11ನೇ ವಚನ ಎಷ್ಟೋ ಮನೆಗಳ ಗೋಡೆಯ ಮೇಲಿದೆ: ದೇವರು ನಿಮಗೆ ಹಿತವನ್ನೇ ಯೋಚಿಸಿದ್ದಾನೆ ಎಂಬ ಭರವಸೆ. ಅದು ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದ ಯೆಹೂದ್ಯ ಜನಕ್ಕೆ ಪ್ರವಾದಿ ಯೆರೆಮೀಯ ಬರೆದ ಕಾಗದ. ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕೆಂದಿದೆ, ಕೇಳಿದವರಲ್ಲಿ ವಯಸ್ಸಾದವರು ಆ ದಿನ ಕಾಣುವಂತಿರಲಿಲ್ಲ. 5ನೇ ವಚನದಲ್ಲಿ, ಅಲ್ಲಿಯೇ ಮನೆ ಕಟ್ಟಿಕೊಂಡು ವಾಸಿಸಿ, ತೋಟ ಮಾಡಿಕೊಂಡು ಅದರ ಫಲ ಉಣ್ಣಿ ಎಂದಿದೆ. ಇದನ್ನು ತಿಳಿದು ಓದಿದಾಗ ಭರವಸೆ ಇನ್ನೂ ಆಳಕ್ಕೆ ಇಳಿಯುತ್ತದೆ. ನಿಮ್ಮ ಮನೆಯ ಗೋಡೆಯ ಮೇಲೆ ಯಾವ ವಚನವಿದೆಯೋ, ಇವತ್ತು ರಾತ್ರಿ ಊಟವಾದ ಮೇಲೆ ಅದರ ಇಡೀ ಅಧ್ಯಾಯವನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿ.

ನಮಸ್ಕಾರ.