ಗಾಂಜಾ ಹುಟ್ಟಿಸುವ ಗಾಬರಿ: ಆ ರಾತ್ರಿ ಏನು ಮಾಡಬೇಕು?

ಅಧ್ಯಕ್ಷರೇ, ಪ್ರಾಂಶುಪಾಲರೇ, ವಿದ್ಯಾರ್ಥಿನಿಲಯಗಳ ವಾರ್ಡನ್‌ಗಳೇ, ಅಧ್ಯಾಪಕ ಮಿತ್ರರೇ,

ಜೂನ್ 26 ಬಂತೆಂದರೆ ನಮ್ಮ ಕಾಲೇಜುಗಳಲ್ಲಿ ಮಾದಕ ವಸ್ತು ವಿರೋಧಿ ಜಾಥಾ ಹೊರಡುತ್ತದೆ, ಪ್ರತಿಜ್ಞೆ ಬೋಧಿಸಲಾಗುತ್ತದೆ, ಪೊಲೀಸ್ ಅಧಿಕಾರಿಗಳು ಬಂದು ಕಾಯ್ದೆಯ ಕಲಂಗಳನ್ನು ವಿವರಿಸುತ್ತಾರೆ. ಇವೆಲ್ಲ ಬೇಕು. ಆದರೆ ಇಂಥ ಸಭೆಗಳಲ್ಲಿ ಒಂದು ಪ್ರಶ್ನೆ ಮಾತ್ರ ಏಳುವುದೇ ಇಲ್ಲ. ಹಾಸ್ಟೆಲಿನ ಕೋಣೆಯೊಂದರಲ್ಲಿ ರಾತ್ರಿ ಹನ್ನೊಂದು ಗಂಟೆಗೆ, ಗಾಂಜಾ ಸೇದಿದ ಹುಡುಗನೊಬ್ಬ ಎದೆ ಹಿಡಿದುಕೊಂಡು, ‘ನನಗೇನೋ ಆಗ್ತಿದೆ, ಸಾಯ್ತೀನಿ, ಅಮ್ಮನಿಗೆ ಫೋನ್ ಮಾಡ್ರೋ’ ಎಂದು ಕೂಗತೊಡಗಿದರೆ ಪಕ್ಕದಲ್ಲಿದ್ದವರು ಏನು ಮಾಡಬೇಕು? ಸೇದಬೇಡ ಎಂದು ಹೇಳುವ ಹೊತ್ತು ಆಗ ಕಳೆದಿರುತ್ತದೆ. ಆ ರಾತ್ರಿ ಏನು ಮಾಡಬೇಕು ಎಂಬುದನ್ನು ನಾವು ಯಾರಿಗೂ ಕಲಿಸಿಲ್ಲ. ಮನೋವೈದ್ಯನಾಗಿ ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಸಂಗತಿ ಇದು. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಇದು ಎಲ್ಲೋ ಅಪರೂಪಕ್ಕೆ ನಡೆಯುವ ಸಂಗತಿಯಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸುಮಾರು 3.1 ಕೋಟಿ ಜನ ಹಿಂದಿನ ಒಂದು ವರ್ಷದೊಳಗೆ ಭಂಗಿಯನ್ನೋ ಗಾಂಜಾ, ಚರಸ್ಸುಗಳನ್ನೋ ಬಳಸಿದ್ದರು. ಬಳಸಿದವರಿಗೆಲ್ಲ ಗಾಬರಿಯಾಗುತ್ತದೆ ಎಂದಲ್ಲ. ಆದರೆ ಗಾಂಜಾದಿಂದ ತಕ್ಷಣಕ್ಕೆ ಆಗುವ ತೊಂದರೆಗಳಲ್ಲಿ ಮನೋವೈದ್ಯರು ಹೆಚ್ಚಾಗಿ ಕಾಣುವುದು ಈ ಆತಂಕ ಮತ್ತು ಗಾಬರಿಯನ್ನೇ. ಮೊದಲ ಸಲ ಸೇದಿದವನಿಗೂ ಆಗಬಹುದು. ವರ್ಷಗಳಿಂದ ಏನೂ ಆಗದೆ ಸೇದುತ್ತಿದ್ದವನಿಗೆ ಒಂದು ದಿನ ಇದ್ದಕ್ಕಿದ್ದಂತೆ ಆಗಲೂಬಹುದು.

ಆಗುವುದೇನು ಎಂದರೆ, ಗಾಂಜಾದಲ್ಲಿ ಅಮಲೇರಿಸುವ ಮುಖ್ಯ ಅಂಶವಾದ ಟಿಎಚ್‌ಸಿಯನ್ನು 1964ರಲ್ಲಿ ಇಸ್ರೇಲಿನ ರಫಾಯಲ್ ಮೆಕೂಲಮ್ ಮತ್ತು ಯೆಹಿಯೆಲ್ ಗಾವೋನಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಮಿದುಳಿನಲ್ಲಿ ಈ ಟಿಎಚ್‌ಸಿ ಹೋಗಿ ಕೂರುವ ಸಿಬಿ1 ಎಂಬ ಗ್ರಾಹಕಗಳು, ಭಯವನ್ನು ಅಳೆದು ತೂಗುವ ಅಮಿಗ್ಡಲಾ ಭಾಗದಲ್ಲೂ ಇವೆ. ಸಹಜವಾಗಿ ಈ ಗ್ರಾಹಕಗಳ ವ್ಯವಸ್ಥೆ ನಮ್ಮ ಭಯವನ್ನು ಹದದಲ್ಲಿಡುತ್ತದೆ. ಹೊರಗಿನಿಂದ ನುಗ್ಗಿದ ಟಿಎಚ್‌ಸಿ ಆ ಹದವನ್ನು ಕೆಡಿಸುತ್ತದೆ. ಇದರ ಜೊತೆಗೇ ಎದೆಬಡಿತ ನಿಮಿಷಕ್ಕೆ ಇಪ್ಪತ್ತರಿಂದ ಐವತ್ತರಷ್ಟು ಏರುತ್ತದೆ, ಬಾಯಿ ಒಣಗುತ್ತದೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ಹುಡುಗ ತನ್ನ ಎದೆಬಡಿತವನ್ನು ಗಮನಿಸುತ್ತಾನೆ, ‘ಹಾರ್ಟ್ ಅಟ್ಯಾಕ್ ಇರಬೇಕು’ ಎಂದುಕೊಳ್ಳುತ್ತಾನೆ. ಆ ಯೋಚನೆಗೆ ಹೆದರಿ ಎದೆ ಇನ್ನಷ್ಟು ಜೋರಾಗಿ ಬಡಿದುಕೊಳ್ಳುತ್ತದೆ. ಉಸಿರು ಮೇಲುಮೇಲಕ್ಕೆ ಎಳೆದುಕೊಂಡಂತೆಲ್ಲ ಬೆರಳ ತುದಿ ಜುಮ್ಮೆನ್ನುತ್ತದೆ, ತುಟಿಯ ಸುತ್ತ ಮರಗಟ್ಟುತ್ತದೆ. ಆಗ ಅವನಿಗೆ ಸಾವು ಖಚಿತವೆನಿಸುತ್ತದೆ. ಅಂದರೆ ಗಾಂಜಾ ಹಚ್ಚಿದ ಕಿಡಿಯನ್ನು ಭಯವೇ ಊದಿ ಊದಿ ಉರಿಸುತ್ತದೆ. ಈ ಮಾತನ್ನು ದಯವಿಟ್ಟು ನೆನಪಿಡಿ. ಆ ರಾತ್ರಿ ಮಾಡಬೇಕಾದ ಕೆಲಸದ ಗುಟ್ಟೆಲ್ಲ ಇದರಲ್ಲೇ ಇದೆ.

‘ಸರ್, ಟೆನ್ಷನ್ ಕಡಿಮೆಯಾಗಲಿ ಅಂತಲೇ ಸೇದಿದ್ದು’ ಎಂದು ಹುಡುಗರು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಶಿಕಾಗೋದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಅಪರಿಚಿತರ ಎದುರು ಮಾತನಾಡಿ ಬಾಯಿಲೆಕ್ಕ ಮಾಡಬೇಕಾದ ಒತ್ತಡದ ಪರೀಕ್ಷೆಗೆ ಮುಂಚೆ 7.5 ಮಿಲಿಗ್ರಾಂ ಟಿಎಚ್‌ಸಿ ತೆಗೆದುಕೊಂಡವರಿಗೆ ಒತ್ತಡ ತುಸು ತಗ್ಗಿತು, 12.5 ಮಿಲಿಗ್ರಾಂ ತೆಗೆದುಕೊಂಡವರ ಮನಸ್ಸು ಪರೀಕ್ಷೆಗೆ ಮೊದಲೇ ಕದಡಿ, ಕೊನೆಯವರೆಗೂ ಹಾಗೆಯೇ ಉಳಿಯಿತು. ಇವೆರಡರ ನಡುವೆ ಇರುವುದು ಐದೇ ಮಿಲಿಗ್ರಾಂ. ಬೀದಿಯಲ್ಲಿ ಪೊಟ್ಟಣ ಕೊಳ್ಳುವವನ ಕೈಯಲ್ಲಿ ಯಾವ ತಕ್ಕಡಿ ಇರುತ್ತದೆ? ಅಮೆರಿಕದಲ್ಲಿ ವಶಪಡಿಸಿಕೊಂಡ ಮಾಲನ್ನು ಪರೀಕ್ಷಿಸಿದಾಗ, 1995ರಲ್ಲಿ ಶೇಕಡಾ 4ರಷ್ಟಿದ್ದ ಟಿಎಚ್‌ಸಿ 2014ರ ವೇಳೆಗೆ ಶೇಕಡಾ 12ರ ಆಸುಪಾಸಿಗೆ ಏರಿತ್ತು. ಅದರ ಕಾವನ್ನು ಒಂದಿಷ್ಟು ತಗ್ಗಿಸಬಹುದು ಎನ್ನಲಾಗುವ ಸಿಬಿಡಿ ಎಂಬ ಅಂಶ ಇಳಿದಿತ್ತು. ‘ನಮ್ಮ ತಾತ ದಿನಾ ಸೇದ್ತಿದ್ರು, ಏನೂ ಆಗಿರಲಿಲ್ಲ’ ಎನ್ನುವವರಿಗೆ ನಾನು ಹೇಳುವುದಿಷ್ಟೇ: ಇಂದು ಕೈಗೆ ಸಿಗುವ ಮಾಲು ತಾತ ಸೇದಿದ ಸೊಪ್ಪೇ ಆಗಿರಬೇಕೆಂದಿಲ್ಲ.

ಸೇದುವುದಕ್ಕಿಂತ ತಿನ್ನುವುದರಲ್ಲಿ ಮೋಸಹೋಗುವವರು ಹೆಚ್ಚು. ಸೇದಿದರೆ ಕೆಲವೇ ನಿಮಿಷಗಳಲ್ಲಿ ಅಮಲೇರಿ, ಎರಡು ಮೂರು ತಾಸಿನಲ್ಲಿ ಇಳಿಯತೊಡಗುತ್ತದೆ. ಭಂಗಿಯ ಲಸ್ಸಿಯನ್ನೋ ಉಂಡೆಯನ್ನೋ ಹೊಟ್ಟೆಗೆ ಹಾಕಿಕೊಂಡರೆ ಏರಲು ಅರ್ಧ ತಾಸಿನಿಂದ ಎರಡು ತಾಸು ಬೇಕು. ಅಷ್ಟರೊಳಗೆ ‘ಇದರಲ್ಲಿ ಏನೂ ಇಲ್ಲ’ ಎಂದು ಇನ್ನೊಂದು ಲೋಟ ಹೋಗಿರುತ್ತದೆ. ಆಮೇಲೆ ಎರಡೂ ಒಟ್ಟಿಗೆ ಏರುತ್ತವೆ. ಇಳಿಯಲು ಎಂಟು ತಾಸೋ ಇನ್ನೂ ಹೆಚ್ಚೋ ಹಿಡಿಯಬಹುದು.

ಇಲ್ಲೊಂದು ಘಟನೆ ಹೇಳಬೇಕು. ನನ್ನ ವಿದ್ಯಾರ್ಥಿಗಳಿಗೆ ಇದನ್ನು ತಪ್ಪದೆ ಹೇಳುತ್ತೇನೆ. 2006ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಪಟ್ಟಣದಲ್ಲಿ ಪೊಲೀಸ್ ಅಧಿಕಾರಿಯೊಬ್ಬ, ವಶಪಡಿಸಿಕೊಂಡಿದ್ದ ಗಾಂಜಾವನ್ನು ಮನೆಗೆ ತಂದ. ಗಂಡಹೆಂಡಿರು ಅದನ್ನು ಬ್ರೌನಿ ಎಂಬ ಕೇಕಿನಲ್ಲಿ ಬೆರೆಸಿ ಬೇಯಿಸಿ ತಿಂದರು. ಕೆಲಹೊತ್ತಿನ ಮೇಲೆ ಅವನು ತುರ್ತು ಸೇವೆಯ 911ಕ್ಕೆ ತಾನೇ ಕರೆ ಮಾಡಿದ. ಆ ಧ್ವನಿಮುದ್ರಿಕೆ ಮುಂದೆ ಜಗತ್ತಿಗೆಲ್ಲ ಕೇಳಿಸಿತು. ತಾವಿಬ್ಬರೂ ಸಾಯುತ್ತಿದ್ದೇವೆ ಎನ್ನುತ್ತಾನೆ. ಕಾಲ ತುಂಬಾ ತುಂಬಾ ನಿಧಾನವಾಗಿ ಸಾಗುತ್ತಿದೆ ಎನ್ನುತ್ತಾನೆ. ನಡುವೆ ಥಟ್ಟನೆ, ಆ ಹೊತ್ತು ಟಿವಿಯಲ್ಲಿ ನಡೆಯುತ್ತಿದ್ದ ಐಸ್ ಹಾಕಿ ಪಂದ್ಯದ ಸ್ಕೋರ್ ಎಷ್ಟು ಎಂದು ಕೇಳುತ್ತಾನೆ. ಜನ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರು. ಈ ಸಭೆಯಲ್ಲೂ ನಗು ಕೇಳಿಸುತ್ತಿದೆ, ನಗೆ ಬರುವುದು ಸಹಜವೇ. ಆದರೆ ಅವನು ಆ ಪ್ರಶ್ನೆ ಕೇಳಿದ್ದೇಕೆ ಎಂಬುದನ್ನು ಗಮನಿಸಿ. ತನಗೆ ಕಾಣುತ್ತಿರುವುದು ನಿಜವೋ ಭ್ರಮೆಯೋ ಎಂದು ಅವನಿಗೆ ಖಾತರಿಯಾಗಬೇಕಿತ್ತು. ತನ್ನ ಮನಸ್ಸಿನ ಮೇಲೆ ನಂಬಿಕೆ ತಪ್ಪಿದ ಮನುಷ್ಯ ಹೊರಗಿನವರೊಬ್ಬರ ಮಾತನ್ನು ಊರುಗೋಲಿಗಾಗಿ ಹುಡುಕುತ್ತಿದ್ದ. ಬೇರೆಯವರು ಸೇದಿದ್ದನ್ನು ನೋಡಿದ್ದವನು, ಕಾಯ್ದೆ ಬಲ್ಲವನು, ಕೈಯಲ್ಲಿ ಅಧಿಕಾರವಿದ್ದವನು ಅವನು. ಅವನ ಗತಿಯೇ ಹೀಗಾದರೆ ಹಾಸ್ಟೆಲಿನ ಎಳೆಯ ಹುಡುಗನ ಪಾಡೇನು? ಇಬ್ಬರೂ ಬದುಕಿದರು, ಅವನು ಕೆಲಸ ಬಿಡಬೇಕಾಯಿತು. ಅದು ಬೇರೆ ಮಾತು.

ಹೊರಗಿನವರ ಮಾತು ಎಷ್ಟು ಮುಖ್ಯವೆಂಬುದು ವೈದ್ಯಲೋಕಕ್ಕೆ ಹೊಸದಲ್ಲ. 1967ರಲ್ಲೇ ಸಮಾಜಶಾಸ್ತ್ರಜ್ಞ ಹೋವರ್ಡ್ ಬೆಕರ್, ಮಾದಕ ವಸ್ತು ಸೇವಿಸಿದವನು ತನಗಾಗುತ್ತಿರುವುದಕ್ಕೆ ಏನು ಅರ್ಥ ಕಟ್ಟಿಕೊಳ್ಳುತ್ತಾನೆ ಎಂಬುದರ ಮೇಲೆ ಅವನ ಗಾಬರಿ ನಿಂತಿದೆ, ಆ ಅರ್ಥವನ್ನು ಕೊಡುವವರು ಜೊತೆಗಿರುವವರೇ ಎಂದು ವಾದಿಸಿದರು. ವೈದ್ಯ ಆಂಡ್ರ್ಯೂ ವೀಲ್ 1970ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬರೆದ ಲೇಖನದಲ್ಲಿ, ಇಂಥ ಪ್ರತಿಕ್ರಿಯೆಗಳಲ್ಲಿ ಬಹುಪಾಲು ಬರೀ ಗಾಬರಿಯೇ, ಅದಕ್ಕೆ ಧೈರ್ಯದ ಮಾತೇ ಮೊದಲ ಚಿಕಿತ್ಸೆ, ಹುಚ್ಚೆಂದು ಭಾವಿಸಿ ಚಿಕಿತ್ಸೆಗಿಳಿದರೆ ಗಾಬರಿ ಇನ್ನೂ ಬೆಳೆಯುತ್ತದೆ ಎಂದು ಎಚ್ಚರಿಸಿದರು. ಅರ್ಧ ಶತಮಾನ ಕಳೆದರೂ ನಾವು ಮಾಡುತ್ತಿರುವುದೇನು? ನನ್ನ ಬಳಿ ಬಂದ ಒಬ್ಬ ಹುಡುಗನನ್ನು ಗೆಳೆಯರು ಕೋಣೆಯಲ್ಲಿ ಕೂಡಿ ಹೊರಗಿನಿಂದ ಚಿಲಕ ಹಾಕಿದ್ದರು. ಬೆಳಗಿನ ಜಾವ ಕರೆದೊಯ್ದ ಆಸ್ಪತ್ರೆಯಲ್ಲಿ ಕೈಕಾಲು ಕಟ್ಟಿ, ಅವನಿಗೆ ಕೇಳಿಸುವಂತೆಯೇ ‘ತಲೆ ಕೆಟ್ಟಿದೆ’ ಎಂದಿದ್ದರು. ಗಾಂಜಾದ ಅಮಲು ಮಧ್ಯಾಹ್ನದೊಳಗೆ ಇಳಿಯಿತು. ಆ ಮಾತು ಇಳಿಯಲು ತಿಂಗಳುಗಳು ಬೇಕಾದವು. ತಾನು ಹುಚ್ಚನಾಗಿಬಿಡುತ್ತೇನೆಂಬ ಭಯದಲ್ಲಿ ಅವನು ಬಸ್ಸು ಹತ್ತುವುದನ್ನೇ ಬಿಟ್ಟಿದ್ದ.

ಹಾಗಾದರೆ ಆ ರಾತ್ರಿ ಏನು ಮಾಡಬೇಕು? ಗುಂಪು ಚದುರಿಸಿ, ಹಾಡು ನಿಲ್ಲಿಸಿ, ಕಣ್ಣು ಕುಕ್ಕುವ ದೀಪವಿದ್ದರೆ ಆರಿಸಿ. ಅವನು ನಂಬುವ ಒಬ್ಬನೇ ಒಬ್ಬ ಹತ್ತಿರ ಕುಳಿತು ಹೆಸರು ಹಿಡಿದು ಮಾತನಾಡಿಸಲಿ: ‘ಇದು ಗಾಂಜಾದಿಂದ ಆಗ್ತಿರೋದು. ಕೆಲವು ತಾಸಿನಲ್ಲಿ ಇಳಿಯುತ್ತೆ. ನಾನು ಇಲ್ಲೇ ಇರ್ತೀನಿ.’ ಇದನ್ನೇ ಮತ್ತೆ ಮತ್ತೆ ಹೇಳಬೇಕಾಗುತ್ತದೆ, ಏಕೆಂದರೆ ಅಮಲಿನಲ್ಲಿ ಕೇಳಿದ ಮಾತು ತಲೆಯಲ್ಲಿ ನಿಲ್ಲುವುದಿಲ್ಲ, ಐದು ನಿಮಿಷ ಅವನಿಗೆ ಐದು ತಾಸಿನಂತೆ ಕಾಣುತ್ತಿರುತ್ತದೆ. ಗಡಿಯಾರ ತೋರಿಸಿ. ಉಸಿರನ್ನು ನಿಧಾನವಾಗಿ ಬಿಡುವುದನ್ನು ಜೊತೆಯಲ್ಲೇ ಮಾಡಿ ತೋರಿಸಿ. ಗುಟುಕು ಗುಟುಕಾಗಿ ನೀರು ಕೊಡಿ. ಬೈಕಿನ ಕೀಲಿ ಎತ್ತಿಡಿ, ತಾರಸಿಗೆ ಹೋಗಗೊಡಬೇಡಿ. ಅಮಲು ಇಳಿಸಲೆಂದು ಮದ್ಯವನ್ನಾಗಲಿ ಯಾರದೋ ನಿದ್ದೆ ಮಾತ್ರೆಯನ್ನಾಗಲಿ ಕೊಡಲೇಬೇಡಿ. ಎಚ್ಚರ ಸರಿಯಿಲ್ಲದವನ ಬಾಯಿಗೆ ನಿಂಬೆರಸವನ್ನಾಗಲಿ ಮಜ್ಜಿಗೆಯನ್ನಾಗಲಿ ಸುರಿಯಬೇಡಿ. ಅದು ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ಆದರೆ ಎಲ್ಲವನ್ನೂ ಗಾಬರಿಯೆಂದು ತಳ್ಳಿಹಾಕುವಂತಿಲ್ಲ. ಎದೆನೋವು, ಪ್ರಜ್ಞೆ ತಪ್ಪುವುದು, ಫಿಟ್ಸ್, ನಿಲ್ಲದ ವಾಂತಿ, ಎಬ್ಬಿಸಿದರೂ ಏಳದಿರುವುದು, ಇಲ್ಲದ ಧ್ವನಿಗಳು ಕೇಳಿಸುವುದು, ತನ್ನನ್ನೋ ಇತರರನ್ನೋ ಗಾಯಗೊಳಿಸಲು ಹೊರಡುವುದು ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿ. ಸೇದಿದ್ದು ಗಾಂಜಾವೇ ಎಂಬ ಭರವಸೆಯೂ ಇರುವುದಿಲ್ಲ. ಸೊಪ್ಪಿಗೆ ಸಿಂಪಡಿಸಿ ಮಾರುವ ಕೃತಕ ರಾಸಾಯನಿಕಗಳು ಟಿಎಚ್‌ಸಿಗಿಂತ ಎಷ್ಟೋ ಪಾಲು ಪ್ರಬಲ. ಚಿಕ್ಕ ಮಕ್ಕಳು ತಿಳಿಯದೆ ತಿಂದಿದ್ದರಂತೂ ಲಕ್ಷಣಕ್ಕಾಗಿ ಕಾಯಲೇಬಾರದು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಕಾನೂನಿನ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಚುಟುಕಾಗಿ ಮುಗಿಸುತ್ತೇನೆ. ಗೆಳೆಯರು ಆಸ್ಪತ್ರೆಗೆ ಹೋಗಲು ಹಿಂಜರಿಯುವುದು ಪೊಲೀಸರ ಭಯದಿಂದ. ಮಾದಕ ವಸ್ತುಗಳ ನಿಯಂತ್ರಣಕ್ಕಿರುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಗಾಂಜಾ ಸೇವನೆ ಅಪರಾಧವೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದೇ ಕಾಯ್ದೆಯ 64ಎ ಕಲಂ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ವಿಚಾರಣೆಯಿಂದ ರಕ್ಷಣೆಯ ದಾರಿಯನ್ನೂ ಇಟ್ಟಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ವಾರ್ಡನ್ ಮಹನೀಯರಲ್ಲಿ ನನ್ನದೊಂದು ಬೇಡಿಕೆ: ಶಿಸ್ತುಕ್ರಮದ ಮಾತು ಮರುದಿನಕ್ಕಿರಲಿ. ಏನು ತೆಗೆದುಕೊಂಡನೆಂದು ನಿಜ ಹೇಳಿದ ಗೆಳೆಯನನ್ನು ಅದೇ ಕಾರಣಕ್ಕೆ ಹಾಸ್ಟೆಲಿನಿಂದ ಹೊರಹಾಕಿದರೆ, ಮುಂದಿನ ಸಲ ಯಾರೂ ನಿಜ ಹೇಳುವುದಿಲ್ಲ.

ಇನ್ನೆರಡು ಮಾತು. ಅಮಲು ಇಳಿದು ವಾರಗಳು ಕಳೆದ ಮೇಲೂ ಗಾಬರಿ ಮರುಕಳಿಸುತ್ತಿದ್ದರೆ, ಸುತ್ತಲಿನದೆಲ್ಲ ಕನಸಿನಂತೆ ಕಾಣುತ್ತಿದ್ದರೆ ಮನೋವೈದ್ಯರನ್ನು ಕಾಣಬೇಕು. ಪ್ಯಾನಿಕ್ ಕಾಯಿಲೆಗೆ ಒಳ್ಳೆಯ ಚಿಕಿತ್ಸೆಯಿದೆ. ದಿನವೂ ಸೇದುವವನು ಬಿಟ್ಟಾಗ ಮೊದಲ ವಾರದಲ್ಲಿ ಆತಂಕ, ನಿದ್ರಾಹೀನತೆ ಹೆಚ್ಚುತ್ತವೆ. ಗಾಂಜಾ ಇಲ್ಲದೆ ತನಗೆ ಆಗುವುದೇ ಇಲ್ಲವೆಂದು ತಿಳಿದು ಅವನು ಮತ್ತೆ ಹಚ್ಚುತ್ತಾನೆ. ಸಾಮಾನ್ಯವಾಗಿ ಎರಡು ವಾರ ತಡೆದುಕೊಂಡರೆ ಅದು ಬಹುಮಟ್ಟಿಗೆ ತಗ್ಗುತ್ತದೆ ಎಂದು ಅವನಿಗೆ ಮೊದಲೇ ಹೇಳಿರಬೇಕು.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ರಾತ್ರಿಯೂ ತೆಗೆದಿರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಗೆ 14446. ಈ ಎರಡೂ ಸಂಖ್ಯೆಗಳನ್ನು ಹಾಸ್ಟೆಲಿನ ಪ್ರತಿ ಮಹಡಿಯ ಗೋಡೆಯ ಮೇಲೆ, ‘ಸೇದಬೇಡಿ’ ಎಂಬ ಫಲಕದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸಿ. ಪ್ರಶ್ನೆಗಳಿದ್ದರೆ ಈಗ ಕೇಳಬಹುದು.